ಕೈ ಕಟ್ಟಿಕೊಂಡು ಕೇಳಿದ ಡೌಟು

ಹೋದ ಡಿಸೆಂಬರಿನಲ್ಲಿ ತಾಯಲೂರಿಗೆ ಹೋಗಿದ್ದಾಗ, ನಾನು ಓದಿದ ಹೈಸ್ಕೂಲಿನವರು ಕರೆದು ಹತ್ತನೇ ತರಗತಿಯ ಮುಂದೆ ನಿಲ್ಲಿಸಿದರು. ಕಂಪ್ಯೂಟರಿನ ಬಗ್ಗೆ ನಾಲ್ಕು ಮಾತು ಹೇಳಬೇಕಂತೆ. ಈಗಿನ ಮಕ್ಕಳಿಗೆ ನನಗಿಂತ ಚೆನ್ನಾಗಿ ಗೊತ್ತಿರುತ್ತದೆ ಎಂದರೂ ಹೆಡ್‌ಮಿಸ್ ಬಿಡಲಿಲ್ಲ. ಹೇಗೋ ಮಾತು ಮುಗಿಸಿದೆ. ಆಗ ಎರಡನೇ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. ಎರಡೂ ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು, ತಲೆ ಸ್ವಲ್ಪ ತಗ್ಗಿಸಿ, "ಮೇಡಂ, ನಂದೊಂದು ಡೌಟು" ಎಂದಳು.

ಅವಳು ಕೇಳಿದ್ದು ಸಣ್ಣ ಪ್ರಶ್ನೆ, ಉತ್ತರ ಹೇಳಿದೆ. ಆದರೆ ನನ್ನ ಮನಸ್ಸು ಅಲ್ಲಿರಲಿಲ್ಲ. ಆ ಮೂರು ಮಾತು, ಆ ನಿಲುವು, ನಲವತ್ತು ವರ್ಷದ ಹಿಂದೆ ನನ್ನ ಪ್ರಾಣ ಹಿಂಡಿದ್ದವು. ಹೊರಗೆ ಬೇವಿನ ಮರದ ಕೆಳಗೆ ಕಾರು ನಿಲ್ಲಿಸಿಕೊಂಡಿದ್ದ ನಾರಾಯಣಸ್ವಾಮಿ ಮಾವ ನನ್ನನ್ನು ನೋಡಿದವನೇ, "ಯಾಕೇ ಲಚ್ಚೀ, ಮೊಖ ಯಾಕೆ ಹಂಗಾಗೈತೆ?" ಎಂದ. ಮಾವ ಎಂದರೆ ಅಮ್ಮನ ತಮ್ಮ, ನನಗಿಂತ ಐದಾರು ವರ್ಷಕ್ಕೆ ದೊಡ್ಡವನು. ಆ ಕಾಲಕ್ಕೂ ಅವನಿಗೂ ಸಂಬಂಧವಿತ್ತು. ಅದನ್ನು ಮಾತ್ರ ನಾನು ಅವನಿಗೆ ಯಾವತ್ತೂ ಹೇಳಿರಲಿಲ್ಲ.

ಅದು ಎಂಬತ್ತರ ದಶಕದ ಆರಂಭ. ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಮುಗಿಸಿದ್ದೆ. ಅಮೆರಿಕದ ನಡುಭಾಗದ ಒಂದು ವಿಶ್ವವಿದ್ಯಾಲಯದಲ್ಲಿ ಕಂಪ್ಯೂಟರ್ ಸೈನ್ಸ್ ಎಂ.ಎಸ್.ಗೆ ಸೀಟು ಸಿಕ್ಕಿತು. ಮೊದಲ ಟರ್ಮಿಗೆ ಫೀಸಿಲ್ಲ. ಆಮೇಲೆ ಯಾರಾದರೂ ಪ್ರೊಫೆಸರು ತಮ್ಮ ತರಗತಿಗೆ ಸಹಾಯಕಿಯಾಗಿ ತೆಗೆದುಕೊಂಡರೆ ಓದು ಮುಂದುವರಿಯುತ್ತದೆ, ಇಲ್ಲದಿದ್ದರೆ ಗಂಟು ಕಟ್ಟುವುದು. ಮನೆಯಲ್ಲಿ ಇದನ್ನು ಹೇಳಿದಾಗ ಅಮ್ಮ ರೇಷ್ಮೆ ಹುಳುವಿಗೆ ಸೊಪ್ಪು ಹಾಕುತ್ತಿದ್ದಳು. ಕೈ ನಿಲ್ಲಿಸದೆ, "ಹೋಗ್ಲಿ ಬಿಡು, ಓದ್ಲಿ" ಅಂದಳು. ಅಡ್ಡ ಬಂದವಳು ಅಜ್ಜಿ, ಅಂದರೆ ಅಮ್ಮನ ಅಮ್ಮ. ನಮ್ಮ ಕಡೆ ಅಕ್ಕನ ಮಗಳೆಂದರೆ ತಮ್ಮನಿಗೆ ಹುಟ್ಟಿದಾಗಲೇ ಬರೆದಿಟ್ಟ ಹಾಗೆ. ನಾರಾಯಣಸ್ವಾಮಿ ಮಾವನಿಗೆ ನಾನು ಎಂದು ಊರಿಗೆಲ್ಲ ಗೊತ್ತಿತ್ತು.

"ಆಯ್ತಮ್ಮ, ಅವರು ಓದಿಸೋ ಅಷ್ಟು ದಿನ ಓದ್ಲಿ" ಎಂದು ಕೊನೆಗೆ ಅಜ್ಜಿ ತೀರ್ಪು ಕೊಟ್ಟಳು. "ಸಾಕು ಅಂದ ದಿನ ಬಂದು ನಮ್ಮ ನಾರಾಯಣನ ಪಕ್ಕದಲ್ಲಿ ಹಸೆಮಣೆ ಮೇಲೆ ಕೂತ್ಕೋಬೇಕು. ಅಲ್ಲಿವರೆಗೂ ನನ್ನ ಮಗ ಕಾಯ್ತಾನೆ. ಏನೋ, ಕಾಯ್ತೀಯಲ್ಲ?"

ಬಾಗಿಲಿಗೆ ಒರಗಿ ನಿಂತಿದ್ದ ಮಾವ "ಹ್ಞೂಂ" ಎಂದ. ನಾನೂ ತಲೆ ಆಡಿಸಿದೆ.

ಮಾವನ ಮೇಲೆ ನನಗೆ ಯಾವ ದೂರೂ ಇರಲಿಲ್ಲ. ಅದೇ ಕಷ್ಟ. ಸೈಕಲ್ಲಿನ ಮುಂದೆ ಕೂರಿಸಿಕೊಂಡು ನನ್ನನ್ನು ಸ್ಕೂಲಿಗೆ ಬಿಟ್ಟವನು, ಜ್ವರ ಬಂದಾಗ ಮುಳಬಾಗಿಲಿನ ಆಸ್ಪತ್ರೆಗೆ ಹೊತ್ತವನು, ನನ್ನ ಮೂಗು ಒರೆಸಿದವನು. ಅವನನ್ನು ಗಂಡ ಎಂದು ನೆನೆಸಿಕೊಂಡರೆ ನಗು ಬರುತ್ತಿತ್ತು, ಆಮೇಲೆ ಅಳು. ಬೇಡ ಎಂದು ಬಾಯಿಬಿಟ್ಟು ಹೇಳುವ ಧೈರ್ಯ ಮಾತ್ರ ಇರಲಿಲ್ಲ. ವಿಮಾನ ಹತ್ತುವಾಗ ನನ್ನ ಮನಸ್ಸಿನಲ್ಲಿ ಇದ್ದದ್ದು ವಿದ್ಯೆಯ ಮೇಲಿನ ಆಸೆಯೊಂದೇ ಎಂದು ಸುಳ್ಳು ಹೇಳಲಾರೆ.

ಹೋಗಿ ಇಳಿದ ಊರು ಸಮತಟ್ಟು. ಎಲ್ಲಿ ನೋಡಿದರೂ ಜೋಳದ ಹೊಲ, ಕಟಾವಾದ ಮೇಲೆ ಬರೀ ಕೂಳೆ. ಕಣ್ಣು ಆನಿಸಲು ಒಂದು ಬಂಡೆಗುಡ್ಡವಾದರೂ ಬೇಡವೇ? ನಮ್ಮ ಕಡೆ ಎತ್ತ ತಿರುಗಿದರೂ ಒಂದು ಬೆಟ್ಟ ಕಾಣುತ್ತದೆ, ದಿಕ್ಕು ತಪ್ಪುವುದಿಲ್ಲ. ಅಲ್ಲಿ ನಾನು ಮೊದಲ ತಿಂಗಳು ದಿನಕ್ಕೊಮ್ಮೆ ದಾರಿ ತಪ್ಪಿದೆ. ಕಂಪ್ಯೂಟರುಗಳು ಇದ್ದದ್ದು ನೆಲಮಾಳಿಗೆಯಲ್ಲಿ. ಕರಿ ಪರದೆಯ ಮೇಲೆ ಹಸಿರು ಅಕ್ಷರ, ತಲೆಯ ಮೇಲೆ ಬಿಸಿನೀರಿನ ಕೊಳವೆಗಳ ಟಕಟಕ. ನಾನು ಬರೆದ ಪ್ರೋಗ್ರಾಮು ಓಡಲು ಸರದಿ ಬರಬೇಕು, ಬಂದು ನೋಡಿದರೆ ಎಲ್ಲೋ ಒಂದು ಚುಕ್ಕೆ ಬಿಟ್ಟುಹೋಗಿ ಎಲ್ಲವೂ ತಪ್ಪು. ಬೆಂಗಳೂರಿನಲ್ಲಿ ಕಂಪ್ಯೂಟರಿನ ಮುಖವನ್ನೇ ಸರಿಯಾಗಿ ನೋಡಿರದ ನಾನು, ಹೈಸ್ಕೂಲಿನಿಂದಲೇ ಅದರ ಜೊತೆ ಆಡಿಕೊಂಡು ಬಂದ ಹುಡುಗರ ಪಕ್ಕದಲ್ಲಿ ಕೂರಬೇಕು. ಅವರು ತರಗತಿಯಲ್ಲಿ ಮುಂದಿನ ಕುರ್ಚಿಯ ಮೇಲೆ ಕಾಲು ಚಾಚಿ, ಬ್ರೆಡ್ಡು ತಿನ್ನುತ್ತಾ, ಪ್ರೊಫೆಸರನ್ನು ಹೆಸರು ಹಿಡಿದು ಕರೆಯುತ್ತಿದ್ದರು. ನಾನು ತಲೆ ತಗ್ಗಿಸಿ ಬರೆದುಕೊಳ್ಳುತ್ತಿದ್ದೆ.

ಅಲ್ಲಿ ನನಗೆ ಇದ್ದ ಒಂದು ಜೀವ ರೆಡ್ಡೆಪ್ಪ. ಪುಂಗನೂರಿನವನು. ನಮ್ಮೂರಿಗೂ ಅವನೂರಿಗೂ ನಡುವೆ ಇರುವುದು ಆಂಧ್ರದ ಗಡಿ ಮಾತ್ರ. ನನಗಿಂತ ಎರಡು ವರ್ಷ ಮುಂಚೆ ಅದೇ ವಿಭಾಗಕ್ಕೆ ಬಂದಿದ್ದ, ಕೆಲವು ತರಗತಿ ಇಬ್ಬರಿಗೂ ಒಂದೇ. ಅವನು ತೆಲುಗು ಬೆರೆಸಿದ ಕನ್ನಡ ಆಡಿದರೆ ನಾನು ಕನ್ನಡ ಬೆರೆಸಿದ ತೆಲುಗು ಆಡುತ್ತಿದ್ದೆ. ಇಬ್ಬರಿಗೂ ಹೊಟ್ಟೆ ತುಂಬುತ್ತಿತ್ತು. ನಾನು ತಂದಿದ್ದ ರಾಗಿ ಹಿಟ್ಟು ಮುಗಿಯುವವರೆಗೂ ಭಾನುವಾರ ಬಂದು, "ಏಮ್ಮಾ, ಸಂಗಟಿ ಮಾಡಿದೀಯಾ?" ಎಂದು ಬಾಗಿಲಲ್ಲೇ ಕೇಳುವನು. ನಮ್ಮ ಮುದ್ದೆಯನ್ನು ಅವರು ಸಂಗಟಿ ಅನ್ನುತ್ತಾರೆ.

ಮುಂದಿನ ಟರ್ಮಿನ ಸಹಾಯಕರನ್ನು ಆರಿಸುವವರು ಪ್ರೊಫೆಸರ್ ಬ್ರೆನ್ನರ್. ಎತ್ತರದ, ಬಿಳಿಗಡ್ಡದ, ನಗದ ಮನುಷ್ಯ. ಬುಧವಾರ ಅವರ ತರಗತಿ. ನವೆಂಬರಿನ ಆ ಬುಧವಾರ ಅವರು ತಾವೇ ಕಂಡುಹಿಡಿದ ಒಂದು ವಿಧಾನವನ್ನು ಬೋರ್ಡಿನ ಮೇಲೆ ಬರೆಯುತ್ತಿದ್ದರು. ಹಲವು ಪ್ರೋಗ್ರಾಮುಗಳು ಒಂದೇ ಯಂತ್ರದಲ್ಲಿ ಓಡುವಾಗ, ಇದು ಅದಕ್ಕಾಗಿ, ಅದು ಇದಕ್ಕಾಗಿ ಕಾಯುತ್ತಾ ಎರಡೂ ನಿಂತುಹೋಗುವುದುಂಟು. ಕೆರೆ ಕಟ್ಟೆಯ ಮೇಲೆ ಎರಡು ಗಾಡಿ ಎದುರುಬದುರಾದಾಗ, ನೀನು ಹಿಂದೆ ತೆಗಿ ಎಂದು ಇವನು, ನೀನು ತೆಗಿ ಎಂದು ಅವನು ಕೂತುಬಿಡುತ್ತಾರಲ್ಲ, ಹಾಗೆ. ಅದು ಆಗದಂತೆ ಪ್ರತಿಯೊಂದಕ್ಕೂ ಒಂದು ನಂಬರು ಕೊಟ್ಟು, ಚಿಕ್ಕ ನಂಬರಿನದು ಮೊದಲು ಹೋಗಲಿ ಅನ್ನುವುದು ಅವರ ಉಪಾಯ. ಅದು ಯಾವತ್ತೂ ಕೆಡುವುದಿಲ್ಲ ಎಂದು ಸಾಧಿಸುತ್ತಾ ಐದನೇ ಸಾಲಿಗೆ ಬಂದರು. "ಇವುಗಳಲ್ಲಿ ಒಂದಾದರೂ ಮುಂದೆ ಹೋಗಿಯೇ ಹೋಗುತ್ತದೆ. ಇದು ಸ್ಪಷ್ಟ" ಎಂದು ಬರೆದು ಆರನೆಯದಕ್ಕೆ ಹೋದರು.

ನನಗೆ ಸ್ಪಷ್ಟವಾಗಲಿಲ್ಲ. ಅರ್ಥವಾಗದೆ ಹೀಗೇ ಕೂತರೆ ಪರೀಕ್ಷೆಯಲ್ಲಿ ಮುಳುಗುತ್ತೇನೆ ಅನ್ನಿಸಿತು. ತಾಯಲೂರಿನಲ್ಲಿ ಲೆಕ್ಕ ಹೇಳಿಕೊಡುತ್ತಿದ್ದ ಕೃಷ್ಣಪ್ಪ ಮೇಷ್ಟ್ರ ಪದ್ಧತಿ ನೆನಪಾಯಿತು. ಪಾಠ ಮುಗಿದ ಕೂಡಲೇ ಅವರು, "ಡೌಟ್ ಇರೋರು ಎದ್ದು ನಿಂತ್ಕೊಳ್ರಿ, ಇಲ್ದೋರು ಬೋರ್ಡಿಗೆ ಬಂದು ಮಾಡಿ ತೋರ್ಸಿ" ಅನ್ನುವರು. ಬೋರ್ಡಿಗೆ ಹೋಗುವ ಭಯಕ್ಕೆ ಇಡೀ ಕ್ಲಾಸು ಕೈ ಕಟ್ಟಿಕೊಂಡು ಎದ್ದು ನಿಲ್ಲುತ್ತಿತ್ತು. ಕೈ ಜೋತು ಬಿಟ್ಟುಕೊಂಡು ನಿಂತರೆ, "ಏನಮ್ಮ, ಸಂತೆಗೆ ಬಂದಿದೀಯಾ?" ಎಂಬ ಮಾತು ಬೀಳುತ್ತಿತ್ತು. ಡೌಟು ಎಂದರೆ ನಮಗೆ ವಿನಯದ ಮಾತು, ನನಗೆ ತಿಳಿಯಲಿಲ್ಲ, ಇನ್ನೊಂದು ಸಲ ಹೇಳಿ ಎಂದು ಬೇಡುವುದು.

ಎದ್ದು ನಿಂತೆ. ಯಾರೂ ನಿಲ್ಲದ ತರಗತಿಯಲ್ಲಿ ಒಬ್ಬಳೇ. ಎರಡೂ ಕೈಗಳನ್ನು ಎದೆಯ ಮೇಲೆ ಭದ್ರವಾಗಿ ಕಟ್ಟಿಕೊಂಡೆ. "ಸರ್, ಐ ಹ್ಯಾವ್ ಎ ಡೌಟ್. ಐದನೇ ಸಾಲು."

ಬ್ರೆಡ್ಡು ತಿನ್ನುತ್ತಿದ್ದವನ ಬಾಯಿ ನಿಂತಿತು. ಚಾಚಿದ ಕಾಲುಗಳು ನೆಲಕ್ಕೆ ಇಳಿದವು. ಪ್ರೊಫೆಸರು ನಿಧಾನವಾಗಿ ತಿರುಗಿ ನನ್ನ ಮುಖ ನೋಡಿದರು, ಕಟ್ಟಿದ ಕೈ ನೋಡಿದರು. "ನಿಮಗೆ ಅನುಮಾನವಿದೆ" ಎಂದರು. ಅದು ಪ್ರಶ್ನೆಯೋ ಅಲ್ಲವೋ ತಿಳಿಯಲಿಲ್ಲ.

"ಯೆಸ್ ಸರ್" ಎಂದೆ, ಇನ್ನೂ ಬಿಗಿಯಾಗಿ ಕೈ ಕಟ್ಟಿಕೊಂಡು.

"ಸರಿ. ಮುಂದಿನ ಬುಧವಾರ ಈ ಬೋರ್ಡು ನಿಮ್ಮದು. ಐದನೇ ಸಾಲಿನಲ್ಲಿ ಏನು ತಪ್ಪಿದೆ ಎಂದು ನಮಗೆಲ್ಲ ತೋರಿಸಿ." ಸೀಮೆಸುಣ್ಣ ಇಟ್ಟು ಹೊರಟೇಹೋದರು.

ಹಿಂದಿನ ಸಾಲಿನಲ್ಲಿದ್ದ ರೆಡ್ಡೆಪ್ಪ ನನ್ನನ್ನು ಹೊರಗೆ ಎಳೆದುಕೊಂಡು ಹೋದ. ಅವನ ಮುಖದಲ್ಲಿ ರಕ್ತವಿರಲಿಲ್ಲ. "ಏಮ್ಮಾ, ಎಂಥಾ ಕೆಲ್ಸ ಮಾಡ್ಬಿಟ್ಟೆ ನೀನು?"

"ಡೌಟು ಕೇಳಿದೆ. ಅದರಲ್ಲೇನು ತಪ್ಪು?"

"ಇಲ್ಲಿ ಡೌಟು ಅಂದ್ರೆ ನಮ್ಮ ಡೌಟಲ್ಲಮ್ಮ. ನೀನು ಹೇಳ್ತಾ ಇರೋದು ನಾನು ನಂಬಲ್ಲ ಅಂತ. ಅವನು ಕಂಡುಹಿಡ್ದಿರೋದನ್ನ ಅವನ ಮೊಖಕ್ಕೇ ತಪ್ಪು ಅಂದಂಗಾಯ್ತು. ಅದೂ ಎದ್ದು ನಿಂತು."

"ಮೇಷ್ಟ್ರ ಹತ್ರ ಕೂತ್ಕೊಂಡು ಮಾತಾಡ್ತಾರಾ?"

"ಕೈ ಬೇರೆ ಕಟ್ಕೊಂಡಿದ್ಯಲ್ಲ ತಾಯಿ. ಇವರಲ್ಲಿ ಹಂಗೆ ನಿಂತ್ಕೊಳ್ಳೋದು ಜಗಳಕ್ಕೆ ಬಂದೋರು."

ಮೊದಲು ಸಿಟ್ಟು ಬಂತು. ಮರ್ಯಾದೆ ಕೊಟ್ಟವಳನ್ನು ಜಗಳಗಂಟಿ ಮಾಡುವ ಇದೆಂಥ ದೇಶ ಎಂದುಕೊಂಡೆ. ಆಮೇಲೆ ಲೆಕ್ಕ ಹಾಕಿದೆ. ಸಹಾಯಕಿಯ ಕೆಲಸ ಕೊಡಬೇಕಾದವರೇ ಇವರು. ಇವರು ಬೇಡವೆಂದರೆ ಸಂಕ್ರಾಂತಿಯ ಹೊತ್ತಿಗೆ ತಾಯಲೂರು. ಅಜ್ಜಿ ಮಾತು ತಪ್ಪುವವಳಲ್ಲ.

"ಹೋಗಿ ಸಾರಿ ಅಂತ ಹೇಳ್ಬಿಡು" ಎಂದ ರೆಡ್ಡೆಪ್ಪ. "ನಮ್ಮೂರ ಇಂಗ್ಲಿಷು, ತಪ್ಪಾಯ್ತು ಅನ್ನು. ಮುಗೀತದೆ."

ಮಾರನೆಯ ದಿನ ಪ್ರೊಫೆಸರರ ಕೋಣೆಯ ತನಕ ಹೋದೆ. ಬಾಗಿಲು ಅರ್ಧ ತೆರೆದಿತ್ತು. ಒಳಗೆ ಅವರು ಬಾಗಿ ಏನೋ ಬರೆಯುತ್ತಿದ್ದರು. ಬಾಗಿಲು ತಟ್ಟಲು ಎತ್ತಿದ ಕೈ ಹಾಗೇ ನಿಂತಿತು. ಹೇಳುವ ಮಾತನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದೆ: ನನಗೆ ಯಾವ ಡೌಟೂ ಇಲ್ಲ ಸರ್. ಆದರೆ ಅದು ನಿಜವಲ್ಲವಲ್ಲ. ಐದನೇ ಸಾಲು ನನಗೆ ಇನ್ನೂ ಅರ್ಥವಾಗಿರಲಿಲ್ಲ. ಡೌಟು ಇಲ್ಲವೆಂದರೆ ಕೃಷ್ಣಪ್ಪ ಮೇಷ್ಟ್ರ ಕ್ಲಾಸಿನಂತೆ ಬೋರ್ಡಿಗೆ ಕರೆದು ಮಾಡಿ ತೋರಿಸು ಎಂದರೆ ಏನು ಗತಿ? ಇದ್ದರೂ ಬೋರ್ಡು, ಇಲ್ಲದಿದ್ದರೂ ಬೋರ್ಡು. ಸದ್ದಿಲ್ಲದೆ ಹಿಂತಿರುಗಿ ಬಂದೆ.

ಆ ವಾರ ಮೊದಲ ಹಿಮ ಬಿತ್ತು. ಎಲ್ಲರೂ ಕಿಟಕಿಗೆ ಓಡಿದರು, ನನಗೆ ನೋಡುವ ಮನಸ್ಸೂ ಬರಲಿಲ್ಲ. ಊಟ ಸೇರಲಿಲ್ಲ. ಅಮ್ಮ ಕಟ್ಟಿಕೊಟ್ಟಿದ್ದ ಉಪ್ಪಿನಕಾಯಿಯ ಮುಚ್ಚಳವನ್ನೂ ತೆಗೆಯಲಿಲ್ಲ. ಬೆಳಿಗ್ಗೆ ಎದ್ದು ಐದನೇ ಸಾಲನ್ನು ಬರೆಯುವುದು, ಅದರ ಕೆಳಗೆ ಏನೂ ಬರೆಯಲಾಗದೆ ಕೂರುವುದು. ತಪ್ಪು ಹುಡುಕಿದೆ, ಸಿಗಲಿಲ್ಲ. ಇಷ್ಟು ದೊಡ್ಡ ಮನುಷ್ಯ ತಪ್ಪು ಮಾಡುತ್ತಾರೆಯೇ? ಸರಿ ಎಂದು ನನಗೆ ನಾನೇ ಒಪ್ಪಿಸಲು ನೋಡಿದೆ, ಅದೂ ಆಗಲಿಲ್ಲ. ಹಾಳೆಯ ಮೇಲೆ ಕೆರೆ ಕಟ್ಟೆ ಬರೆದು ಎರಡು ಗಾಡಿ ಎದುರುಬದುರು ನಿಲ್ಲಿಸಿದೆ. ನಮ್ಮೂರಲ್ಲಾದರೆ ಖಾಲಿ ಗಾಡಿಯವನು ಹಿಂದೆ ತೆಗೆಯಬೇಕು, ಲೋಡು ಇದ್ದವನು ಮುಂದೆ ಹೋಗಬೇಕು. ಎರಡೂ ಲೋಡಾಗಿದ್ದರೆ? ಆಗ ಜಗಳ. ನನ್ನ ತಲೆ ಅಲ್ಲಿಗೆ ಹೋಗಿ ನಿಲ್ಲುತ್ತಿತ್ತು. ಇದನ್ನೆಲ್ಲ ಅಮೆರಿಕದ ಬೋರ್ಡಿನ ಮೇಲೆ ಹೇಳುವುದುಂಟೇ ಎಂದು ಹಾಳೆಯನ್ನು ಮುದುರಿ ಹಾಕಿದೆ. ಅಜ್ಜಿ ಹಸೆಮಣೆ ಒರೆಸಿ ಗೋಡೆಗೆ ಒರಗಿಸಿಡುವುದು ಕಣ್ಣ ಮುಂದೆ ಬರುತ್ತಿತ್ತು. ಅದರ ಪಕ್ಕದಲ್ಲಿ ಮಾವ.

ಬುಧವಾರ ಬಂತು. ನಮ್ಮ ತರಗತಿಯಲ್ಲದ ಎಷ್ಟೋ ಮಂದಿ ಬಂದು ಗೋಡೆಗೆ ಒರಗಿ ನಿಂತಿದ್ದರು. ಹುಂಜದ ಜಗಳ ನೋಡಲು ಬಂದವರ ಹಾಗೆ. ಪ್ರೊಫೆಸರು ಮೊದಲ ಸಾಲಿನಲ್ಲಿ, ನಾನು ಕೂರುವ ಕುರ್ಚಿಯಲ್ಲೇ ಕೂತಿದ್ದರು. ನಾನು ಬೋರ್ಡಿಗೆ ಹೋಗಿ ಅವರ ನಾಲ್ಕು ಸಾಲು ಬರೆದೆ. ಐದನೆಯದನ್ನೂ ಬರೆದೆ. ತಿರುಗಿ ನಿಂತಾಗ ಕೈಗಳು ತಾವಾಗಿಯೇ ಕಟ್ಟಿಕೊಳ್ಳಲು ಹೊರಟವು. ಬಿಡಿಸಿ ಕೆಳಗೆ ಇಳಿಬಿಟ್ಟೆ. ಎಲ್ಲಿ ಇಡುವುದೆಂದು ತಿಳಿಯಲಿಲ್ಲ.

"ಸರ್, ನಮ್ಮೂರಲ್ಲಿ ಡೌಟು ಎಂದರೆ ತಪ್ಪು ಹಿಡಿಯುವುದಲ್ಲ" ಎಂದೆ. "ಅರ್ಥವಾಗಲಿಲ್ಲ ಎಂದು ಹೇಳುವುದು. ಇದರಲ್ಲಿ ತಪ್ಪಿದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ಐದನೇ ಸಾಲು ನನಗೆ ಅರ್ಥವಾಗಿಲ್ಲ. ಒಂದು ವಾರ ಕೂತರೂ ಆಗಲಿಲ್ಲ."

ಗೋಡೆಯ ಕಡೆಯಿಂದ ಯಾರೋ ನಕ್ಕರು. ಪ್ರೊಫೆಸರು ನಗಲಿಲ್ಲ. ಮುಗಿಯಿತು ಎಂದುಕೊಂಡೆ.

"ಸುಲಭ" ಎಂದರು ಅವರು, ಕೂತಲ್ಲಿಂದಲೇ. "ಚಿಕ್ಕ ನಂಬರಿನದು ಮೊದಲು ಹೋಗುತ್ತದೆ."

"ಎರಡಕ್ಕೂ ಒಂದೇ ನಂಬರು ಇದ್ದರೆ, ಸರ್?"

"ಇರುವುದಿಲ್ಲ."

"ಯಾಕೆ, ಸರ್?"

ಬೇಕೆಂದು ಕೇಳಿದ್ದಲ್ಲ, ಬಾಯಿಗೆ ಬಂದುಬಿಟ್ಟಿತು. ಅವರು ಐದನೇ ಸಾಲನ್ನು ನೋಡಿದರು. ಪ್ರೊಫೆಸರು ಎದ್ದು ಬೋರ್ಡಿನ ಹತ್ತಿರ ಬಂದು ನನ್ನ ಪಕ್ಕದಲ್ಲಿ ನಿಂತರು. ಎರಡೂ ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು ಬಹಳ ಹೊತ್ತು ಆ ಸಾಲನ್ನೇ ನೋಡಿದರು. ಜಗಳಕ್ಕೆ ನಿಂತವರಂತೆ ಅವರು ನನಗೆ ಕಾಣಲಿಲ್ಲ.

"ಎರಡೂ ಒಂದೇ ಗಳಿಗೆಯಲ್ಲಿ ನಂಬರು ತೆಗೆದುಕೊಂಡರೆ, ಒಂದೇ ನಂಬರು ಬರಬಹುದು" ಎಂದರು ಕೊನೆಗೆ, ತಮ್ಮಷ್ಟಕ್ಕೆ. ಸೀಮೆಸುಣ್ಣ ಕೇಳಿ ಇಸಿದುಕೊಂಡು ನಾಲ್ಕಕ್ಕೂ ಐದಕ್ಕೂ ನಡುವೆ ಒಂದು ಸಾಲು ಸೇರಿಸಿದರು: ನಂಬರು ಸಮವಾದರೆ, ಯಾವುದರ ಹೆಸರು ಮೊದಲು ಬರುತ್ತದೋ ಅದು ಮುಂದೆ ಹೋಗಲಿ. ಅಷ್ಟೇ. ಅವರ ವಿಧಾನ ಕೆಡಲಿಲ್ಲ, ಒಂದು ಸಾಲಿನಷ್ಟು ಉದ್ದವಾಯಿತು. ಅವತ್ತಿನ ತರಗತಿ ಅಲ್ಲಿಗೆ ಬಿಟ್ಟಿತು. ಅವರು ನನಗೆ ಒಳ್ಳೆಯದು ಎನ್ನಲಿಲ್ಲ, ಕೆಟ್ಟದ್ದೂ ಎನ್ನಲಿಲ್ಲ.

ಟರ್ಮು ಮುಗಿಯುವವರೆಗೂ ಏನೂ ತಿಳಿಯಲಿಲ್ಲ. ಬೇರೆಯವರನ್ನು ಒಬ್ಬೊಬ್ಬರಾಗಿ ಕರೆದು ಕೆಲಸ ಕೊಡುತ್ತಿದ್ದರು. ನನ್ನನ್ನು ಕರೆಯಲಿಲ್ಲ. ರೆಡ್ಡೆಪ್ಪ ಸಮಾಧಾನ ಹೇಳುವುದನ್ನೂ ನಿಲ್ಲಿಸಿದ. ನಾನು ಪೆಟ್ಟಿಗೆಯನ್ನು ಮಂಚದ ಕೆಳಗಿನಿಂದ ಹೊರಗೆ ಎಳೆದಿಟ್ಟಿದ್ದೆ. ಪರೀಕ್ಷೆಯಾದ ಮೇಲೆ, ಊರೆಲ್ಲ ರಜಕ್ಕೆ ಹೊರಟ ದಿನ, ಮೆಟ್ಟಿಲ ಮೇಲೆ ಎದುರಾದ ಪ್ರೊಫೆಸರು ನಿಂತರು.

"ಜನವರಿಯಲ್ಲಿ ನನ್ನ ಮೊದಲ ವರ್ಷದ ತರಗತಿಗೆ ನೀವು ಸಹಾಯಕಿಯಾಗಿ ಬರಬೇಕು" ಎಂದರು. "ಆ ಮಕ್ಕಳಿಗೆ ಎಲ್ಲವೂ ಅರ್ಥವಾಗಿರುತ್ತದೆ. ಅವರಿಗೆ ನಿಮ್ಮೂರಿನ ಡೌಟು ಕಲಿಸಿ." ಎರಡು ಮೆಟ್ಟಿಲು ಇಳಿದವರು ತಿರುಗಿ, "ನನ್ನನ್ನು ಕೇಳುವಾಗ ಮಾತ್ರ ದಯವಿಟ್ಟು ಕೂತು ಕೇಳಿ. ಅವತ್ತು ನನಗೆ ಹೆದರಿಕೆಯಾಯಿತು" ಎಂದರು.

ನಾನು ಅಲ್ಲೇ ಮೆಟ್ಟಿಲ ಮೇಲೆ ಕೂತು ಅತ್ತೆ. ಸಂತೋಷಕ್ಕೇ. ಊರಿಗೆ ಓದು ಮುಂದುವರಿಯುತ್ತದೆ ಎಂದು ಬರೆದೆ. ಅಜ್ಜಿ, ಇದು ಮುಗಿಯುವ ಓದಲ್ಲ, ಇನ್ನು ಕಾಯುವುದು ಬೇಡವೆಂದು ಆ ಬೇಸಿಗೆಯಲ್ಲೇ ಗೌನಿಪಲ್ಲಿಯ ಸುಜಾತಳನ್ನು ಮಾವನಿಗೆ ತಂದುಕೊಂಡಳು. ಮಾವನ ಮನಸ್ಸಿಗೆ ನೋವಾಗಿರಬೇಕು ಎಂಬುದೊಂದು ಮುಳ್ಳು ನನ್ನೊಳಗೆ ಉಳಿದುಬಿಟ್ಟಿತು. ಆಮೇಲೆ ನಾನು ಬೆಂಗಳೂರಿಗೆ ವಾಪಸು ಬಂದು ಕಾಲೇಜಿನಲ್ಲಿ ಪಾಠ ಮಾಡಿದ್ದು, ನನ್ನ ಮದುವೆಯಾದದ್ದು, ಯಾವುದೂ ಆ ಮುಳ್ಳನ್ನು ಕಿತ್ತಿರಲಿಲ್ಲ.

ಹೋದ ಡಿಸೆಂಬರಿನ ಆ ದಿನ, ಬೇವಿನ ಮರದ ಕೆಳಗೆ, ಕಾರಿಗೆ ಒರಗಿಕೊಂಡು ಇದೆಲ್ಲವನ್ನೂ ಮಾವನಿಗೆ ಹೇಳಿದೆ. ನೀನು ಬೇಡ ಎಂದು ಅಲ್ಲ ಮಾವ, ಆದರೂ ವಾಪಸು ಬರಬೇಕಾಗುತ್ತದೆ ಎಂದು ಆ ಚಳಿಗಾಲವೆಲ್ಲ ಹೆದರಿ ಸತ್ತೆ ಎಂದೆ. ಮಾವ ತಲೆ ತಗ್ಗಿಸಿ ಕೇಳಿದ. ಆಮೇಲೆ ಭುಜ ಕುಲುಕಿಸಿ ನಗತೊಡಗಿದ. ಕಣ್ಣಲ್ಲಿ ನೀರು ಬರುವವರೆಗೂ ನಕ್ಕ.

"ನೀನೊಬ್ಳೇ ಅಂದ್ಕೊಂಡ್ಯಾ?" ಎಂದ. "ಆ ವರ್ಷ ನಿಂಗಿಂತ ನಂಗೇ ಭಯ ಜಾಸ್ತಿ ಕಣೇ. ಮಾವಿನಕಾಯಿ ಲೋಡಿಗೆ ಅಂತ ಗೌನಿಪಲ್ಲಿಗೆ ಹೋಗ್ತಿದ್ನಲ್ಲ, ಆಗ್ಲೇ ಸುಜಾತನ್ನ ನೋಡ್ಬಿಟ್ಟಿದ್ದೆ. ನೀನೆಲ್ಲಿ ಫೇಲಾಗಿ ಬಂದ್ಬಿಡ್ತೀಯೋ ಅಂತ ಮುಳಬಾಗಿಲಿನ ಆಂಜನೇಯನಿಗೆ ಹರಕೆ ಕಟ್ಕೊಂಡಿದ್ದೆ. ನಮ್ ಲಚ್ಚಿ ಪಾಸಾಗ್ಲಪ್ಪ, ಅಲ್ಲೇ ಇರ್ಲಿ ಅಂತ. ನಿನ್ ಕಾಗ್ದ ಬಂದ್ಮೇಲೇ ಅಮ್ಮಂಗೆ ಸುಜಾತನ ವಿಷ್ಯ ಹೇಳಿದ್ದು."

"ಅಜ್ಜಿ ಕಾಯ್ತೀಯಾ ಅಂದಾಗ ಹ್ಞೂಂ ಅಂದೆಯಲ್ಲ ಮಾವ?"

"ನೀನು ಬೇಡ ಅಂತೀಯ ಅಂತ ಕಾಯ್ತಿದ್ದೆ. ನೀನು ತಲೆ ಆಡ್ಸಿದೆ."

"ನಾನು, ನೀನು ಬೇಡ ಅಂತೀಯ ಅಂತ ಕಾಯ್ತಿದ್ದೆ."

ಸ್ಕೂಲು ಬಿಟ್ಟು ಮಕ್ಕಳು ನಮ್ಮನ್ನು ದಾಟಿ ಓಡಿದರು. ಊಟಕ್ಕೆ ಸುಜಾತತ್ತೆ ಕಾಯುತ್ತಿರುತ್ತಾಳೆ ಎಂದು ಮಾವ ಕಾರು ಹೊರಡಿಸಿದ. ಕೆರೆ ಕಟ್ಟೆಯ ನಡುಮಧ್ಯಕ್ಕೆ ಬಂದಾಗ ಎದುರಿನಿಂದ ಟೊಮೆಟೊ ತುಂಬಿದ ಟ್ರ್ಯಾಕ್ಟರು ಬಂತು. ಎರಡೂ ನಿಂತವು. ಟ್ರ್ಯಾಕ್ಟರಿನವನು ನಮ್ಮನ್ನು ನೋಡಿದ, ಮಾವ ಅವನನ್ನು ನೋಡಿದ. ಆಮೇಲೆ ಮಾವ ನನ್ನ ಕಡೆ ಒಮ್ಮೆ ತಿರುಗಿ, ಕಾರನ್ನು ತಾನೇ ಹಿಂದಕ್ಕೆ ತೆಗೆದ.